ನೀರು ಕುಡಿಯದವರ ದೋಣಿ

ಊರಿಗೆ ಹೊರಡುವ ದಿನ ನಾನು ನೀರು ಕುಡಿಯುವುದಿಲ್ಲ. ವ್ರತವೆಂದು ತಿಳಿಯಬೇಡಿ, ಮಡಿಯೂ ಅಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಎಲ್ಲರ ಸಲುವಾಗಿ ಎರಡು ಬಾಟಲಿ ನೀರು ತುಂಬಿ ಚೀಲದಲ್ಲಿ ಇಟ್ಟುಕೊಳ್ಳುವವಳು ನಾನೇ. ಆದರೆ ಆ ಬಾಟಲಿಗಳಿಂದ ಒಂದು ಹನಿಯೂ ನನ್ನ ಬಾಯಿಗೆ ಬೀಳುವುದಿಲ್ಲ. ಚಹಾ ಕೂಡ ಅರ್ಧ ಕಪ್ಪು. ಬಾಯಿ ಒಣಗಿದರೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡ ಯಾಲಕ್ಕಿ ಇರುತ್ತದೆ. ಒಂದನ್ನು ದವಡೆಗೆ ಒತ್ತಿಕೊಂಡರೆ ಹುಬ್ಬಳ್ಳಿ ಮುಟ್ಟಬಹುದು, ಎರಡಿದ್ದರೆ ಅಣ್ಣಿಗೇರಿ.

ಓದುತ್ತಿರುವವರು ಹೆಂಗಸರಾಗಿದ್ದರೆ ಯಾಕೆ ಎಂದು ಕೇಳುವುದಿಲ್ಲ. ಗಂಡಸರಾಗಿದ್ದರೆ ಸ್ವಲ್ಪ ತಡೆದುಕೊಳ್ಳಿ, ಹೇಳುತ್ತೇನೆ.

ನನ್ನ ತವರು ನವಲಗುಂದ ತಾಲೂಕಿನ ತಿರ್ಲಾಪುರ. ಎರೆನೆಲ. ಎದ್ದು ನಿಂತರೆ ಮುಂದಿನ ಊರಿನ ನೀರಿನ ಟಾಕಿ ಕಾಣುತ್ತದೆ, ನಡುವೆ ಒಂದು ಗಿಡವಿಲ್ಲ. ಹೊರಗಿನಿಂದ ಬಂದವರು ಆ ಬಯಲನ್ನು ನೋಡಿ ಎಷ್ಟು ಚೆಂದ ಎನ್ನುತ್ತಾರೆ. ಹತ್ತಿ ಸೊಂಟಮಟ್ಟ ಬೆಳೆಯುವವರೆಗೆ ಅಲ್ಲಿ ಹೆಣ್ಣುಮಕ್ಕಳಿಗೆ ಮರೆಯೆಂಬುದೇ ಇಲ್ಲ. ಮದುವೆಗೋ ಮುಂಜಿವೆಗೋ ಚಕ್ಕಡಿ ಹೂಡುವ ಮೊದಲು ನಮ್ಮವ್ವ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹೋಗಿ ಬಂದಿರೋ ಇಲ್ಲವೋ ಎಂದು ಕೇಳಿ, ಆಮೇಲೆ ನೀರಿನ ಕೊಡದ ಮೇಲೆ ತಟ್ಟೆ ಮುಚ್ಚಿಬಿಡುತ್ತಿದ್ದಳು. ನನ್ನ ಅಣ್ಣಂದಿರು ಅದೇ ತಟ್ಟೆ ಸರಿಸಿ ಗಟಗಟ ಕುಡಿದು, ದಾರಿಯಲ್ಲಿ ಎಲ್ಲೆಂದರಲ್ಲಿ ಇಳಿದು, ಓಡಿ ಬಂದು ಚಕ್ಕಡಿ ಹಿಡಿಯುತ್ತಿದ್ದರು. ನಾನು ಚುರುಮುರಿ ಮುಕ್ಕುತ್ತ ಅವರನ್ನು ನೋಡುತ್ತಿದ್ದೆ. ಆ ಕಾಲದ ಅಭ್ಯಾಸ ಐವತ್ತೆರಡಕ್ಕೂ ಬಿಟ್ಟಿಲ್ಲ. ಮದುವೆಗೆ ಹೋದರೆ ಉಳಿದವರು ವರ ಹೇಗಿದ್ದಾನೆ ನೋಡುತ್ತಾರೆ, ನಾನು ಹಿತ್ತಲ ಬಾಗಿಲು ಎಲ್ಲಿದೆ ನೋಡುತ್ತೇನೆ.

ಇಂಥವಳು ದೋಣಿ ಆರಿಸಲು ಹೊರಟಿದ್ದೆ. ಅದರ ಕತೆ ಇದು.

ನಾವಿರುವುದು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ. ನಮ್ಮ ಯಜಮಾನರು ಫಕೀರಪ್ಪ, ಟ್ರ್ಯಾಕ್ಟರಿಗೆ ಟ್ರೇಲರ್ ಮಾಡಿಕೊಡುವ ವೆಲ್ಡಿಂಗ್ ಕೆಲಸದವರು. ಸುತ್ತಲಿನ ಊರುಗಳಲ್ಲಿ ಗೋವಿನಜೋಳ ಹೇರಿಕೊಂಡು ಹೋಗುವ ಯಾವ ಟ್ರೇಲರ್ ಕಂಡರೂ ಅದರ ಗಾಲಿ, ಬೆಸುಗೆ ನೋಡಿ ಇದು ನಂದು, ಇದು ನಂದಲ್ಲ ಎಂದು ಹೇಳಬಲ್ಲರು. ಒಂದು ದಿನ ಮೊಬೈಲಿನಲ್ಲಿ ಯಾರೋ ವಿದೇಶದವರು ಜೀಪಿನ ಹಿಂದೆ ದೋಣಿ ಎಳೆದುಕೊಂಡು ಹೋಗುವುದನ್ನು ನೋಡಿದರು. ಸತ್ಯ ಹೇಳಬೇಕೆಂದರೆ ಇವರ ಕಣ್ಣಿಗೆ ಮೊದಲು ಬಿದ್ದದ್ದು ದೋಣಿಯ ಕೆಳಗಿನ ಟ್ರೇಲರ್. ಎರಡೇ ಗಾಲಿ, ಸಣ್ಣ ಚೌಕಟ್ಟು, ನೀರಿನೊಳಗೇ ಹಿಂದಕ್ಕೆ ಇಳಿಸಿ ದೋಣಿಯನ್ನು ತೇಲಿಸಿಬಿಡುವುದು. ಊಟ ಬಿಟ್ಟು ಅದನ್ನೇ ನಾಲ್ಕು ಸಲ ನೋಡಿದರು. ಐದನೆಯ ಸಲ ಅವರ ತಾಯಿಗೆ ತೋರಿಸಿದರು.

ನಮ್ಮ ಅತ್ತೆ ನೀಲವ್ವ ಹೊಳೆದಂಡೆಯವರು. ತುಂಗಭದ್ರೆಯ ದಡದಲ್ಲಿ ಅವರ ಅಪ್ಪ ಹರಗೋಲು ಹಾಕುತ್ತಿದ್ದರು. ಹದಿನಾಲ್ಕಕ್ಕೆ ಮದುವೆಯಾಗಿ ಬಮ್ಮಿಗಟ್ಟಿಗೆ ಬಂದ ಮೇಲೆ ಆಕೆ ನೀರಿನ ಮೇಲೆ ಕೂತಿದ್ದೇ ಇಲ್ಲ. ಮೋಟರ್ ಸೈಕಲ್ಲಿನ ಮೇಲೆ ಮೀನು ಮಾರುವವನು ಬಂದಾಗ ಕಿವಿರು ಎತ್ತಿ ನೋಡಿ, ಇದು ಸತ್ತು ಮೂರು ದಿನ ಆಯಿತು ಎಂದು ಬೈದು, ಆದರೂ ಕೊಳ್ಳುತ್ತಿದ್ದರು. ಮಗ ತೋರಿಸಿದ ದೋಣಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇಂಥಾದ್ರಾಗ ಕುಂತು ಒಂದ್ಸಲಾ ಗಾಳಾ ಹಾಕಬೇಕ ನೋಡ್ಲೇ ಫಕೀರಾ" ಎಂದರು.

ಅಷ್ಟೇ. ಮಗ ಆ ಮಾತನ್ನು ಹಿಡಿದುಕೊಂಡುಬಿಟ್ಟರು. ಹೆಚ್ಚಿಗೆ ಏನನ್ನೂ ಕೇಳಿದವರಲ್ಲ ಆ ತಾಯಿ. ತಂಬೂರಿನ ಕೆರೆ ಹತ್ತಿರದಲ್ಲೇ ಇತ್ತು. ಅಲ್ಲಿ ಮೀನು ಹಿಡಿಯುವ ಗುತ್ತಿಗೆಯವರ ಗುರುತು ನಮ್ಮ ದಾವಲಸಾಬನಿಗಿತ್ತು. ದಾವಲಸಾಬ ಎಂದರೆ ಇವರ ಬಾಲ್ಯದ ಗೆಳೆಯ, ಕಲಘಟಗಿಯಲ್ಲಿ ಟೇಲರ್. ಭಾನುವಾರ ಮೆಷಿನ್ನಿಗೆ ಬಟ್ಟೆ ಮುಚ್ಚಿ ಗಾಳ ತೆಗೆದುಕೊಂಡು ಕೆರೆಗೆ ಹೋಗುವವನು. ದೋಣಿಯ ಮಾತು ಬಂದ ಮೇಲೆ ಅವನ ಭಾನುವಾರಗಳು ನಮ್ಮ ಅಂಗಳಕ್ಕೆ ಬಂದವು.

ಇವರಿಬ್ಬರೂ ಆರಿಸುವ ರೀತಿ ಹೇಗಿತ್ತೆಂದರೆ, ಅಂಗಳದಲ್ಲಿ ಬೂದಿಯಿಂದ ದೋಣಿಯ ಗೆರೆ ಎಳೆದು ನಮ್ಮನ್ನೆಲ್ಲ ಒಳಗೆ ಕೂರಿಸುವುದು. ಹದಿನಾಲ್ಕು ಫೂಟು, ಹದಿನಾರು ಫೂಟು, ಐದು ಅಗಲ, ಆರು ಅಗಲ. ಅಣ್ಣಿಗೇರಿಗೆ ಕೊಟ್ಟ ಮಗಳು ರೇಣುಕಾ ತನ್ನ ಕೂಸಿನೊಂದಿಗೆ ಬಂದರೆ ಎಲ್ಲಿ ಕೂಡಬೇಕು, ಬುತ್ತಿಯ ಬುಟ್ಟಿ ಎಲ್ಲಿ, ಇಂಜಿನ್ ಎಲ್ಲಿ, ಹಿಡಿದ ಮೀನು ಎಲ್ಲಿ. ಅತ್ತೆ ಬೂದಿಗೆರೆಯ ತುದಿಯಲ್ಲಿ ಕೂತು ಇಲ್ಲದ ನೀರಿಗೆ ಕೈ ಚಾಚಿ ಗಾಳ ಎಸೆದು ತೋರಿಸುತ್ತಿದ್ದರು. ಕೋಳಿಗಳು ದೋಣಿಯ ಒಳಗೂ ಹೊರಗೂ ಓಡಾಡುತ್ತಿದ್ದವು. ಕೆರೆಯಲ್ಲಿ ಬೇಸಿಗೆಗೆ ನೀರು ಇಳಿಯುತ್ತದೆ, ತಳ ಚಪ್ಪಟೆ ಇರಲಿ ಎಂದು ದಾವಲಸಾಬ. ಹಗುರ ಇದ್ದರೆ ನಮ್ಮ ಹಳೆಯ ಜೀಪೇ ಎಳೆಯುತ್ತದೆ, ಅಲ್ಯೂಮಿನಿಯಂ ಇರಲಿ ಎಂದು ಇವರು. ಹೀಗೆ ಇಬ್ಬರೂ ಸೇರಿ ಒಂದು ಬಯಲು ದೋಣಿಯನ್ನು, ಎಂದರೆ ಮೇಲೆ ಏನೂ ಇಲ್ಲದ ತೆರೆದ ದೋಣಿಯನ್ನು, ಬಹುಮಟ್ಟಿಗೆ ಗೊತ್ತುಮಾಡಿದರು.

ಆಗ ಅತ್ತೆ, ತಾನು ಬರುವುದಿಲ್ಲ ಎಂದರು. ಮಣಕಾಲು ನೋವಂತೆ.

ಮಣಕಾಲು ಅಲ್ಲವೆಂದು ನನಗೆ ಗೊತ್ತಿತ್ತು. ಇದಕ್ಕೆ ಎರಡು ವರ್ಷ ಹಿಂದೆ, ರೇಣುಕಾಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಟೆಂಪೋ ಮಾಡಿಕೊಂಡು ಅಣ್ಣಿಗೇರಿಗೆ ಹೋಗಿದ್ದೆವು. ಬೀಗರ ಮನೆಯ ಮುಂದೆ ಗಾಡಿ ನಿಂತಿತು. ಬೀಗಿತ್ತಿಯರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಎಲ್ಲರೂ ಇಳಿದರು, ಅತ್ತೆ ಇಳಿಯಲಿಲ್ಲ. ಕೈ ಹಿಡಿಯಲು ಬಗ್ಗಿದೆ. ಅವರು ನನ್ನ ಮುಖ ನೋಡಲಿಲ್ಲ, ಸೀಟನ್ನು ನೋಡಿದರು. ನಾನೂ ನೋಡಿದೆ. ಹಸಿರು ಇಳಕಲ್ ಸೀರೆ ತೊಡೆಯಿಂದ ಕೆಳಗೆ ನೆನೆದು ಕಪ್ಪಾಗಿತ್ತು.

ಆ ಹೊತ್ತಿನಲ್ಲಿ ನನಗೆ ಹೇಗೆ ತೋಚಿತೋ ಗೊತ್ತಿಲ್ಲ. ಚೀಲದಿಂದ ಬಾಟಲಿ ತೆಗೆದು ಬಿರಡೆ ತಿರುವಿ ಅವರ ಮಡಿಲಿಗೇ ಸುರಿದೆ. ಅಯ್ಯ ಅತ್ತಿ, ಕೈ ಜಾರಿತು ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಬೀಗರ ಮುಂದೆಯೇ ಇವರು ನನಗೆ ಬೈದರು. ಅತ್ತೆ ನಾನು ತಂದಿದ್ದ ಇನ್ನೊಂದು ಸೀರೆಯುಟ್ಟು ಆರತಿ ಮಾಡಿಸಿಕೊಂಡರು. ಅಂದಿನಿಂದ ನನ್ನ ಕೈಯಲ್ಲಿ ಬಾಟಲಿ ಕಂಡಾಗಲೆಲ್ಲ ಇವರದು ಒಂದೇ ಹಾಸ್ಯ: "ಇಕಿ ಕೈಯಾಗ ಬಾಟ್ಲಿ ಕೊಡಬ್ಯಾಡ್ರಿ, ಎಲ್ಲಾರಿಗೂ ಜಳಕಾ ಮಾಡಸ್ತಾಳ." ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅತ್ತೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು.

ತೊಟ್ಟಿಲ ಕಾರ್ಯ ಮುಗಿದು ಮನೆಗೆ ಬಂದ ದಿನವೇ, ನಾನು ಸೀರೆ ಒಗೆಯುತ್ತಿದ್ದ ಕಲ್ಲಿನ ಹತ್ತಿರ ಬಂದು ಕುಕ್ಕರಿಸಿ ಕೂತು, "ನಮ್ಮ ಫಕೀರಗ ಮಾತ್ರ ಹೇಳಬ್ಯಾಡ ಬೇ. ಅಂವಾ ನಾ ಹಡದ ಮಗಾ" ಎಂದು ನನ್ನ ಒದ್ದೆ ಕೈ ಹಿಡಿದುಕೊಂಡರು. ಹೇಳುವುದಿಲ್ಲ ಎಂದೆ. ದವಾಖಾನೆಗೆ ಹೋಗೋಣ ಎಂದು ಬಹಳ ಸಲ ಹೇಳಿದೆ, ಒಪ್ಪಲಿಲ್ಲ. ಮದುವೆ, ಸಂತೆ, ಹೊಲದಲ್ಲಿ ಬೆಳೆಗೆ ಚರಗ ಚೆಲ್ಲುವ ಹಬ್ಬದ ಊಟ, ಒಂದೊಂದನ್ನೇ ಬಿಟ್ಟರು. ಎಲ್ಲದಕ್ಕೂ ಮಣಕಾಲು. ಅತ್ತೆ ಒಳಗೆ ಕಟ್ಟಿಕೊಳ್ಳಲೆಂದು ಹಳೆಯ ಸೀರೆಗಳ ಮೆತ್ತನೆಯ ತುಂಡುಗಳನ್ನೂ ನಡುವೆ ಹಾಕಲು ಪ್ಲಾಸ್ಟಿಕ್ ಹಾಳೆಯನ್ನೂ ಒಯ್ದು, ಮೊಮ್ಮಗನಿಗೆ ಎಂದು ಸುಳ್ಳು ಹೇಳಿ ದಾವಲಸಾಬನಿಂದ ಹೊಲಿಸಿ ತರುತ್ತಿದ್ದೆ. ಅಷ್ಟು ದೊಡ್ಡ ಮೊಮ್ಮಗ ಲೋಕದಲ್ಲೇ ಇರಲಿಕ್ಕಿಲ್ಲ. ಅವನು ಏನೂ ಕೇಳದೆ ಅಂಚು ಚುಚ್ಚದ ಹಾಗೆ ಮಡಿಚಿ ಹೊಲಿದು ಕೊಡುತ್ತಿದ್ದ.

ದೋಣಿಗೆ ಬರುವುದಿಲ್ಲ ಎಂದ ಮರುದಿನ ಅತ್ತೆಯನ್ನು ಹಿತ್ತಲಲ್ಲಿ ಹಿಡಿದು ಕೇಳಿದೆ. ಅವರು ಸುತ್ತ ನೋಡಿ ಮೆಲ್ಲಗೆ ಹೇಳಿದರು: "ನೀರಿನ ನಡಬರಕ ಹ್ವಾದ ಮ್ಯಾಲ ಎಲ್ಲಿ ಇಳಿಯೂದು ಬೇ? ಹುಡುಗಿ ಇದ್ದಾಗ ಸೊಂಟಮಟ ಹೊಳ್ಯಾಗ ನಿಂತ್ರ ಮುಗೀತಿತ್ತು, ಯಾರ ಕೇಳ್ತಿದ್ರು?"

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಗು ನಿಂತ ಮೇಲೆ ನಾನು, ಮೊಬೈಲಿನಲ್ಲಿ ಇನ್ನೊಂದು ಥರದ ದೋಣಿಯೂ ಇದೆ, ಅದರಲ್ಲಿ ಸಣ್ಣ ಖೋಲಿ ಇರುತ್ತದೆ, ಪರದೆ ಹಾಕಿ ಒಳಗೊಂದು ಮುಚ್ಚಳದ ಬಕೆಟ್ ಇಡಬಹುದು ಎಂದೆ.

ಅತ್ತೆ ಎರಡೂ ಕೈ ಚಾಚಿ ಖೋಲಿಯ ಅಗಲ ಅಳೆದು ನೋಡಿದರು. "ಖೋಲಿ ಇದ್ರ ಬರ್ತೇನಿ" ಎಂದರು. ಆ ಸಂಜೆಯೇ ಕಟ್ಟೆಯ ಮೇಲೆ ಕೂತು ಗಾಳದ ದಾರಕ್ಕೆ ಮೇಣ ತಿಕ್ಕಲು ಶುರುಮಾಡಿದರು.

ಅಂದಿನಿಂದ ನಾನು ಕ್ಯಾಬಿನ್ ದೋಣಿಯ ಪಕ್ಷದವಳಾದೆ. ಕಾರಣ ಹೇಳುವಂತಿಲ್ಲ, ಹಟ ಬಿಡುವಂತಿಲ್ಲ. ಬಿಸಿಲು ಎಂದೆ, ತಾಡಪತ್ರಿ ಕಟ್ಟೋಣ ಎಂದರು. ಮಳೆ ಎಂದೆ, ತಾಡಪತ್ರಿ. ಕೂಸು ಮಲಗಬೇಕು ಎಂದೆ, ತಾಡಪತ್ರಿಯ ಕೆಳಗೆ ಮಲಗಲಿ. ಈ ಲೋಕದಲ್ಲಿ ತಾಡಪತ್ರಿಯಿಂದ ಬಗೆಹರಿಯದ ಕಷ್ಟವೇ ಗಂಡಸರಿಗೆ ಗೊತ್ತಿಲ್ಲ. ಖೋಲಿ ಇದ್ದರೆ ಗಾಳಿಗೆ ದೋಣಿ ವಾಲುತ್ತದೆ, ಗಾಳ ಬೀಸುವಾಗ ದಾರ ಸಿಕ್ಕಿಕೊಳ್ಳುತ್ತದೆ, ತೂಕ ಹೆಚ್ಚು ಎಂದು ದಾವಲಸಾಬ ಎಣಿಸಿದ. ಅವನು ಹೇಳಿದ್ದೆಲ್ಲ ನಿಜ. ನಾನು ಅಂಗಳ ಸಾರಿಸುವಾಗ ಬೂದಿಯ ದೋಣಿಯ ನಡುವೆ ರಂಗೋಲಿ ಪುಡಿಯಿಂದ ಒಂದು ಖೋಲಿ ಎಳೆಯುತ್ತಿದ್ದೆ. ಇವರು ಬಂದು ಕಾಲಿನಿಂದ ಒರೆಸುತ್ತಿದ್ದರು. ಮರುದಿನ ಮತ್ತೆ ಎಳೆಯುತ್ತಿದ್ದೆ. ನನ್ನ ಹೆಂಡತಿಗೆ ಈಗೀಗ ದೊಡ್ಡಸ್ತಿಕೆ ಬಂದಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದರು.

ಇದರ ನಡುವೆ ಇವರು ತಮ್ಮ ಕಸುಬಿನವರೇ ಮಾಡಬಹುದಾದ ಒಂದು ತಪ್ಪು ಮಾಡಿದರು. ದೋಣಿ ಇನ್ನೂ ಕೊಂಡಿರಲಿಲ್ಲ, ಟ್ರೇಲರ್ ಮಾಡಿ ಮುಗಿಸಿಬಿಟ್ಟರು. ಮೊದಲು ಬಂಡಿ, ಆಮೇಲೆ ಹೇರು ಎಂಬುದು ಅವರ ಜೀವಮಾನದ ರೂಢಿ. ಬಯಲು ದೋಣಿಯ ಅಳತೆಗೆ ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಮಾಡಿ, ಕೆಂಪು ಬಣ್ಣ ಬಳಿದು ಅಂಗಳದಲ್ಲಿ ತಂದು ನಿಲ್ಲಿಸಿದರು. ಇನ್ನು ಹೆಂಡತಿ ಏನು ಮಾಡುತ್ತಾಳೆ ನೋಡೋಣ ಎಂಬ ಹುನ್ನಾರವೂ ಅದರಲ್ಲಿ ಇತ್ತೇನೋ.

ಆದರೂ ಒಂದು ಸಲ ನೋಡಿ ಬರೋಣ ಎಂದು ದಾವಲಸಾಬನನ್ನೂ ಕರೆದುಕೊಂಡು ಮೂವರೂ ಕರಾವಳಿಯ ಕಡೆ ದೋಣಿ ಮಾರುವ ಒಂದು ಯಾರ್ಡಿಗೆ ಹೋದೆವು. ಎಂದಿನಂತೆ ನಾನು ನೀರು ಕುಡಿದಿರಲಿಲ್ಲ, ಘಟ್ಟ ಇಳಿಯುವಷ್ಟರಲ್ಲಿ ಮೂರು ಯಾಲಕ್ಕಿ ಮುಗಿದಿದ್ದವು. ಇವರು ಬಯಲು ದೋಣಿಯ ತಳ ತಟ್ಟಿ ನೋಡುತ್ತಿದ್ದಾಗ ನಾನು ಬಿಳಿಯ ಫೈಬರ್ ದೋಣಿಯೊಂದರ ಖೋಲಿಯೊಳಗೆ ನುಸುಳಿದೆ. ಅತ್ತೆಯ ಎತ್ತರ ನನಗೆ ಗೊತ್ತಿತ್ತು, ನನ್ನ ಕಿವಿಯ ಮಟ್ಟ. ಸೀರೆ ಎತ್ತಿ ಹಿಡಿದುಕೊಂಡು ಬಕೆಟ್ಟಿನ ಎತ್ತರಕ್ಕೆ ಕೂತರೆ ತಲೆ ತಾಗುತ್ತದೆಯೋ, ಮಣಕಾಲಿಗೆ ಜಾಗ ಸಾಲುತ್ತದೆಯೋ ಎಂದು ಕುಕ್ಕರಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಮಾರುವವನು ಬಾಗಿಲಲ್ಲಿ ಇಣುಕಿ ಏನು ಹುಡುಕುತ್ತಿದ್ದೀರಿ ಎಂದ. ಕಿವಿಯ ಓಲೆ ಬಿತ್ತು ಎಂದುಬಿಟ್ಟೆ. ಪಾಪ, ಅವನೂ ಅವನ ಇಬ್ಬರು ಕೆಲಸದವರೂ ಇವರೂ ಸೇರಿ ದೋಣಿಯ ಸಂದುಗೊಂದುಗಳಲ್ಲಿ ಹುಡುಕಿದರು. ಕೊನೆಗೆ ಇವರು ತಲೆಯೆತ್ತಿ ನೋಡಿದರೆ ಎರಡೂ ಓಲೆ ನನ್ನ ಕಿವಿಯಲ್ಲೇ ಇದ್ದವು.

ಎಲ್ಲರೂ ನಕ್ಕರು. ದಾವಲಸಾಬ ನಗಲಿಲ್ಲ. ಅವನು ನನ್ನನ್ನು ನೋಡಿದ, ಖೋಲಿಯನ್ನು ನೋಡಿದ. ತಿರುಗಿ ಬರುವಾಗ ಜೀಪಿನಲ್ಲಿ ಇದ್ದಕ್ಕಿದ್ದ ಹಾಗೆ, ತನಗೆ ಈಗೀಗ ಬಿಸಿಲಿಗೆ ಕಣ್ಣು ಉರಿಯುತ್ತವೆ, ಖೋಲಿ ಇರುವುದೇ ಚಲೋ ಎಂದ. ನೀನೂ ಇವಳ ಪಾರ್ಟಿ ಸೇರಿದೆಯಾ ಎಂದು ಇವರು ಮುನಿಸಿಕೊಂಡರು. ಆ ದೋಣಿ ತರಬೇಕಾದರೆ ಟ್ರೇಲರ್ ಕತ್ತರಿಸಿ ಅಗಲ ಮಾಡಬೇಕು, ಉದ್ದ ಮಾಡಬೇಕು. ಮಾಡಿದ ಕೆಲಸವನ್ನು ತಮ್ಮ ಕೈಯಾರೆ ಕತ್ತರಿಸುವುದೆಂದರೆ ಇವರಿಗೆ ಆಗದ ಮಾತು. ಆ ಮುನಿಸಿನಲ್ಲಿ ಬಯಲು ದೋಣಿಯನ್ನೂ ತರಲಿಲ್ಲ. ಟ್ರೇಲರ್ ಅಂಗಳದಲ್ಲೇ ನಿಂತಿತು.

ಒಂದು ಮಳೆಗಾಲ ಹೋಯಿತು. ಟ್ರೇಲರಿನ ಮೇಲೆ ನಾನು ಮೆಣಸಿನಕಾಯಿ ಒಣಗಿಸಿದೆ, ಶಾವಿಗೆ ಒಣಗಿಸಿದೆ. ಅತ್ತೆಯ ತುಂಡುಗಳನ್ನು ಮಾತ್ರ ಅದರ ಮೇಲೆ ಹಾಕುತ್ತಿರಲಿಲ್ಲ, ಹಿತ್ತಲಲ್ಲಿ ನನ್ನ ಸೀರೆಯ ಕೆಳಗೆ ಮುಚ್ಚಿ ಒಣಗಿಸುತ್ತಿದ್ದೆ. ಅತ್ತೆ ಬಿಸಿಲು ಕಾಯಿಸಿಕೊಳ್ಳುತ್ತ, ಜೀಪಿಗೆ ಸಿಕ್ಕಿಸುವ ಟ್ರೇಲರಿನ ಮೂಕಿಯ ಹತ್ತಿರ ಕೂತು, ಮೇಣ ತಿಕ್ಕಿದ ದಾರವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಅವರು ಯಾವಾಗ ಎಂದು ಕೇಳಲಿಲ್ಲ. ಒಮ್ಮೆ ಮಾತ್ರ, ಕೆರೆ ಈ ವರ್ಷ ತುಂಬಿದೆಯಂತೆ ಹೌದೇನು ಎಂದು ಕೇಳಿದರು. ಹೌದು ಎಂದೆ. ಆ ದಿನವಾದರೂ ನಾನು ಮಗನ ಹತ್ತಿರ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಒದ್ದೆ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು.

ಚಳಿಗಾಲದಲ್ಲಿ ಕೆಮ್ಮು ಬಂತು, ಜ್ವರ ಬಂತು. ಐದನೆಯ ದಿನ ಮಧ್ಯಾಹ್ನ, ಮಗ ಔಷಧಿ ತರಲು ಹೋದಾಗ, ನನ್ನ ತೊಡೆಯ ಮೇಲೆ ಹೋಗಿಬಿಟ್ಟರು. ಜನ ಕೂಡುವ ಮೊದಲು ಒಬ್ಬಳೇ ಬಾಗಿಲು ಹಾಕಿಕೊಂಡು ಅವರ ಮೈ ಒರೆಸಿ, ಸೀರೆ ಬದಲಿಸಿ, ಹಸಿರು ಇಳಕಲ್ ಉಡಿಸಿದೆ. ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಅದೊಂದನ್ನು ಚೆನ್ನಾಗಿ ಮಾಡಿದೆ.

ಕರ್ಮಾಂತರ ಎಲ್ಲ ಮುಗಿದು ನೆಂಟರು ಹೋದ ಮೇಲೆ ಇವರು ಹೊರಗೆ ಟ್ರೇಲರಿನ ಮೇಲೆ ಕೂತಿದ್ದರು. ಚಹಾ ಒಯ್ದು ಕೊಟ್ಟೆ. ತೆಗೆದುಕೊಳ್ಳದೆ ಹೇಳಿದರು:

"ನಿನ್ನ ಆ ಖೋಲಿ ಸಲುವಾಗಿ ನಮ್ಮವ್ವಗ ನೀರ ಕಾಣಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆನೋ ಏನೋ. ಚಹಾ ಅಲ್ಲೇ ಇಟ್ಟು ಒಳಗೆ ಬಂದೆ. ಹೇಳಿದರೆ ಸತ್ತವರ ಮಾತು ಮುರಿದಂತೆ, ಹೇಳದಿದ್ದರೆ ನಾನೇ ಆ ತಾಯಿಯ ಆಸೆ ಕೆಡಿಸಿದವಳು. ಎರಡೂ ಸುಳ್ಳಲ್ಲ. ಖೋಲಿ ಬೇಕೆಂದು ಒಂದು ವರ್ಷ ಹಟ ಹಿಡಿದವಳು ನಾನೇ ತಾನೆ? ಒಂದು ತಾಸಿನ ಮಟ್ಟಿಗೆ ಬಯಲು ದೋಣಿಯಲ್ಲೇ ಕರೆದುಕೊಂಡು ಹೋಗಿ, ನೆನೆದರೆ ನೆನೆಯಲಿ, ಮೇಲೆ ಒಂದು ಬಾಟಲಿ ಸುರಿದಿದ್ದರೆ ಆಗುತ್ತಿತ್ತು. ಕೆರೆಯ ನಡುವೆ ಸೀರೆ ಒದ್ದೆಯಾದರೆ ಯಾರು ಕೇಳುತ್ತಿದ್ದರು? ಇದು ನನಗೆ ಅವರು ಹೋದ ಮೇಲೆ ಹೊಳೆಯಿತು.

ತಿಂಗಳೊಂದು ಕಳೆದಿರಬೇಕು. ದಾವಲಸಾಬ ಒಂದು ಕಾಗದದ ಪೊಟ್ಟಣ ಹಿಡಿದು ಬಂದ. ಅತ್ತೆಗೆ ಜ್ವರ ಬರುವ ಮೊದಲು ನಾನು ಹೊಲಿಯಲು ಕೊಟ್ಟು ಮರೆತ ತುಂಡುಗಳು. ಇವರು ಕಟ್ಟೆಯ ಮೇಲಿದ್ದರು, ನಾನು ಅಡಿಗೆಮನೆಯಲ್ಲಿ. ಎಂದಿನಂತೆ ನೇರವಾಗಿ ನನ್ನ ಕೈಗೆ ಕೊಡುತ್ತಾನೆಂದು ತಿಳಿದು ಕೈ ಒರೆಸಿಕೊಂಡು ಎದ್ದೆ. ಅವನು ಇವರ ಮುಂದೆಯೇ ನಿಂತ.

"ಇವು ನಿಮ್ಮವ್ವನ್ವು, ಫಕೀರಣ್ಣ" ಎಂದ. "ಮೂರು ವರ್ಷ ಆತು ನಾ ಹೊಲಿಯಾಕ್ಹತ್ತಿ. ವೈನಿ ಖೋಲಿ ಬೇಡಿದ್ದು ತನ್ನ ಸಲುವಾಗಿ ಅಲ್ಲೋ ಮಾರಾಯ."

ಆಮೇಲೆ ಅವನು ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಲಿಲ್ಲ. ಬಾಗಿಲ ಸಂದಿನಿಂದ ನೋಡಿದಾಗ ಅವನು ಹೋಗಿಯಾಗಿತ್ತು. ಇವರು ಒಂದು ತುಂಡನ್ನು ಬಿಚ್ಚಿ ಮಡಿಲಲ್ಲಿ ಹರಡಿಕೊಂಡಿದ್ದರು. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತ, ತಾವು ಬೆಸುಗೆಯನ್ನು ನೋಡುವ ಹಾಗೆ, ಈ ತುದಿಯಿಂದ ಆ ತುದಿಗೆ ನೋಡಿದರು. ಮಡಿಕೆ ತಪ್ಪದ ಹಾಗೆ ಮತ್ತೆ ಮಡಿಚಿ ಪೊಟ್ಟಣ ಕಟ್ಟಿಟ್ಟರು.

ಮರು ಭಾನುವಾರ ಅಂಗಳದಲ್ಲಿ ಕಟರ್ ಚೀರುವ ಸದ್ದು. ಹೊರಗೆ ಬಂದು ನೋಡಿದರೆ ಇವರು ಕೆಂಪು ಟ್ರೇಲರನ್ನು ನಡುವೆ ಕತ್ತರಿಸುತ್ತಿದ್ದರು.

ನಾವು ನೋಡಿದ್ದ ಬಿಳಿ ದೋಣಿ ಆಗಲೇ ಮಾರಿಹೋಗಿತ್ತು. ಗೆಳೆಯರಿಬ್ಬರೂ ಎಲ್ಲೆಲ್ಲಿಯೋ ತಿರುಗಿ, ಬಣ್ಣ ಹೋದ ಒಂದು ಹಳೆಯ ಕ್ಯಾಬಿನ್ ದೋಣಿಯನ್ನು ತಂದರು. ಎರಡು ತಿಂಗಳು ಅದರ ಕೆಲಸ ನಡೆಯಿತು. ಒಳಗೆ ಏನು ಮಾಡುತ್ತಿದ್ದಾರೆಂದು ನಾನು ಇಣುಕಲಿಲ್ಲ. ಮನಸ್ಸೇ ಇರಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ತಂಬೂರಿನ ಕೆರೆಗೆ ಇಳಿಸಿದೆವು. ನಾವಿಬ್ಬರು, ದಾವಲಸಾಬ. ಟ್ರೇಲರ್ ಹಿಂದಕ್ಕೆ ಸರಿದು ನೀರಿಗಿಳಿದು, ದೋಣಿ ಹಗುರಾಗಿ ಎದ್ದು ತೇಲಿದಾಗ ಇವರು ಒಮ್ಮೆಯೂ ಟ್ರೇಲರಿನ ಕಡೆ ನೋಡಲಿಲ್ಲ. ಕೆರೆಯ ನಡುವಿಗೆ ಹೋಗಿ ಇಂಜಿನ್ ಬಂದ್ ಮಾಡಿದರು. ದಾವಲಸಾಬ ಮುಂದೆ ಕೂತು, ಅತ್ತೆ ಮೇಣ ತಿಕ್ಕಿದ ದಾರದ ಗಾಳವನ್ನು ಬಿಚ್ಚಿ ನೀರಿಗೆ ಬಿಟ್ಟ. ಮೀನು ಬೀಳಲಿಲ್ಲ. ಬೀಳಲಿ ಎಂದು ಯಾರೂ ಕಾಯುತ್ತಲೂ ಇರಲಿಲ್ಲ. ಬಿಸಿಲು ಏರಿತು. ಚೀಲದಲ್ಲಿ ಎರಡು ಬಾಟಲಿ ತುಂಬಿಕೊಂಡೇ ಬಂದಿದ್ದೆ. ನಾನು ಸೆರಗಿನ ಗಂಟು ಬಿಚ್ಚಿ ಯಾಲಕ್ಕಿ ತೆಗೆಯುವುದನ್ನು ಇವರು ನೋಡಿದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನೋಡಿದರೆಂದು ತೋರುತ್ತದೆ.

ಬಾಟಲಿಯ ಬಿರಡೆ ತೆಗೆದು ನನ್ನ ಮುಂದೆ ಹಿಡಿದರು.

"ಕುಡಿ" ಎಂದರು. "ಈ ಸಲ ಚೆಲ್ಲಬ್ಯಾಡ."

ಕುಡಿದೆ. ಅರ್ಧ ಬಾಟಲಿ ಕುಡಿದೆ. ದಾವಲಸಾಬ ಬೆನ್ನು ತಿರುಗಿಸಿಕೊಂಡು ಗಾಳವನ್ನೇ ನೋಡುತ್ತಿದ್ದ.

ತಾಸು ಹೊತ್ತಿನ ಮೇಲೆ ಎದ್ದು ಖೋಲಿಯೊಳಗೆ ಹೋಗಿ ಪರದೆ ಎಳೆದುಕೊಂಡೆ. ಮುಚ್ಚಳದ ನೀಲಿ ಬಕೆಟ್ ಅಲುಗಾಡದಂತೆ ಕೆಳಗೊಂದು ಕಬ್ಬಿಣದ ಬಳೆ. ಪಕ್ಕದ ಗೋಡೆಗೆ, ಕೂತವರು ಹಿಡಿದು ಏಳಲೆಂದು ಒಂದು ಹಿಡಿಕೆ ಬೆಸೆದಿದ್ದರು. ಕೈಗೆ ಒರಟಾಗದಿರಲೆಂದು ಅದಕ್ಕೆ ಬಟ್ಟೆ ಸುತ್ತಿ ಹೊಲಿದಿತ್ತು. ಆ ಹೊಲಿಗೆ ಯಾರದೆಂದು ಗೊತ್ತಾಯಿತು. ಏಳುವಾಗ ಹಿಡಿದುಕೊಳ್ಳಲು ಕೈ ಚಾಚಿದೆ. ಕೈ ಹೋದಲ್ಲಿ ಹಿಡಿಕೆ ಇರಲಿಲ್ಲ. ನನ್ನ ಕಿವಿಯ ಮಟ್ಟದವರ ಕೈಗೆ ಸಿಗುವಷ್ಟು ಕೆಳಗಿತ್ತು, ನಾನು ಬಗ್ಗಿ ಹಿಡಿಯಬೇಕಾಯಿತು.